ಗಾಜಿನಡಿಯ ಏಡಿಗಳು

ಕುಶಿರೊದಲ್ಲಿ ಜುಲೈ ಎಂದರೆ ಬಿಸಿಲಲ್ಲ, ಮಂಜು.
ಹಡಗಿನ ಕೊಂಬು ಕೇಳುತ್ತದೆ, ಹಡಗು ಕಾಣುವುದಿಲ್ಲ.
ಎಪ್ಪತ್ತೊಂಬತ್ತನೆಯ ಇಸವಿ. ನನಗೂ ಹತ್ತೊಂಬತ್ತು.
ಪಾಳಿ ಮುಗಿಸಿ, ಯಾವ ಸಾಬೂನಿಗೂ ಜಗ್ಗದ
ಮೀನುವಾಸನೆಯ ಕೈಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು
ಮಿತ್ಸುಯೊಳ ಹಿಂದೆ ಕಾಫಿಯಂಗಡಿ ಹೊಕ್ಕೆ.

ಮೇಜುಗಳೇ ಬದಲಾಗಿದ್ದವು.
ಮರದ ಹಲಗೆ ಹೋಗಿ ಗಾಜು, ಗಾಜಿನಡಿಗೆ ರಾತ್ರಿ.
ಆ ಕಪ್ಪಿನ ಮೇಲೆಯೇ ಕಾಫಿಯ ಕಪ್ಪಿಟ್ಟು
ಒಡತಿ ಮಾತಿಲ್ಲದೆ ಹೋದಳು.

"ಆಕಾಶದಾಚೆಯಿಂದ ಬಂದವಂತೆ," ಮಿತ್ಸುಯೊ ಪಿಸುಗುಟ್ಟಿದಳು,
"ಭೂಮಿ ಇನ್ನು ನಿನ್ನ ಕೈಲಿದೆ."
ಕೈಲಿದ್ದದ್ದು ನೂರು ಯೆನ್ನಿನ ಒಂದು ನಾಣ್ಯ,
ಮನೆಗೆ ಮರಳುವ ಬಸ್ಸಿನ ದುಡ್ಡು.
ಹಾಕಿದೆ.

ಬಾಗಿ ನೋಡಿದೆ. ನಗು ತಡೆಯಲಾಗಲಿಲ್ಲ.
ಎಲ್ಲಿಯ ಆಕಾಶ? ಎಲ್ಲ ಗೊತ್ತಿದ್ದ ಮುಖಗಳೇ:
ಮೇಲಿನ ಸಾಲು ಬೊಂಡಾಸು, ನಡುವಿನೆರಡು ಏಡಿ,
ಕೆಳಗಿನೆರಡು ಅಷ್ಟಪದಿ. ಸಾಲಿಗೆ ಹನ್ನೊಂದು.
ಬೆಳಗಿನಿಂದ ಇವುಗಳದೇ ಕಾಲು ಮುರಿದು
ಡಬ್ಬಿಗೆ ತುಂಬಿದವಳು ನಾನು.
ಈಗ ಸಾಲುಗಟ್ಟಿ ಬಂದಿವೆ, ಲೆಕ್ಕ ಕೇಳಲು.

ಧಂ. ಧಂ. ಧಂ. ಧಂ.
ಪಕ್ಕಕ್ಕೆ ಪಕ್ಕಕ್ಕೆ, ಅಂಚು ತಾಕಿದರೆ ಒಂದು ಮೆಟ್ಟಿಲು ಕೆಳಕ್ಕೆ.
ಗುಂಡಿಯನ್ನು ಮುಳ್ಳು ಕೀಳುವಂತೆ ಕುಟ್ಟಿದೆ.
ಒಂದು ಗುಂಡು ಹೋಗಿ ಮುಗಿಯುವ ತನಕ
ಇನ್ನೊಂದು ಹೊರಡುವುದಿಲ್ಲವೆಂದು ಯಾರೂ ಹೇಳಿರಲಿಲ್ಲ.
ಮರೆಗೆಂದು ನಾಲ್ಕು ಗೋಡೆ ಕೊಟ್ಟಿದ್ದರು.
ಅವು ಕೊರೆದದ್ದು ಕಡಿಮೆ;
ಅಡಿಯಲ್ಲಿ ಅವಿತು, ಹೆದರಿ, ಮೇಲಕ್ಕೆ ಹಾರಿಸಿದ
ನನ್ನವೇ ಗುಂಡುಗಳು ಸೂರನ್ನು ಜರಡಿ ಮಾಡಿದ್ದವು.

ನೂರ ನಲವತ್ತು ಅಂಕ. ಭೂಮಿ ಹೋಯಿತು.
ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

ಎದುರು ಕುರ್ಚಿಗೆ ಸುಗಾವಾರ ಬಂದು ಕೂತ,
ದೋಣಿಯ ಎಂಜಿನ್ನು ನೋಡಿಕೊಳ್ಳುತ್ತಿದ್ದವನು.
ಸಮುದ್ರದ ಮೇಲೆ ಇನ್ನೂರು ಮೈಲಿಯ ಗೆರೆ ಬಿದ್ದ ಮೇಲೆ
ಅವನ ದೋಣಿಯನ್ನು ಕತ್ತರಿಸಿ ಗುಜರಿಗೆ ಕೊಟ್ಟಿದ್ದರು.
ಎರಡು ನಾಣ್ಯ ಹಾಕಿದ, ಒಂದು ನನ್ನ ಲೆಕ್ಕಕ್ಕೆ.
"ಅಂಚಿನ ಕಂಬದಿಂದ ಕೆಡವುತ್ತಾ ಬಾ ಹುಡುಗಿ,
ಇಳಿಯಲು ಹೊತ್ತು ಹಿಡಿಯುತ್ತದೆ.
ನಿಲ್ಲುತ್ತವೆ ಅಂತಲ್ಲ."

ಕೆಡವಿದೆ.
ಐವತ್ತೈದು ಇದ್ದಾಗ ಮೆರವಣಿಗೆಯ ಹಾಗೆ ಬಂದವು
ಹತ್ತಾದಾಗ ಓಟಕ್ಕೆ ಬಿದ್ದವು.
ಕಡೆಗುಳಿದ ಒಂದು, ಏಡಿಯೇ ಅದು,
ಈ ತುದಿಯಿಂದ ಆ ತುದಿಗೆ ಹುಚ್ಚು ಹಿಡಿದಂತೆ.
ನಮ್ಮ ಕಾರ್ಖಾನೆಯ ಹಾಗೆಯೇ, ಅಂದುಕೊಂಡೆ:
ಅರವತ್ತು ಹೆಂಗಸರಿದ್ದ ಸಾಲಿಗೆ ಈಗ ಹದಿನಾಲ್ಕು,
ಬೆಲ್ಟಿನ ಓಟ ಮಾತ್ರ—
ಅಷ್ಟು ಅಂದುಕೊಳ್ಳುವಷ್ಟರಲ್ಲಿ
ಅದು ನನ್ನ ಕೊನೆಯ ಗೋಡೆಯನ್ನು ದಾಟಿತ್ತು.

ಆಗ ಪರದೆ ತಲೆಕೆಳಗಾಯಿತು. ಅವನ ಸರದಿ.
ಅವನ ಮೇಲೆ ಇಳಿಯುತ್ತಿದ್ದ ದಂಡು
ನನ್ನ ಕಡೆಯಿಂದ ಬೇರೆಯೇ ಕಂಡಿತು:
ಕಾಫಿ ಕಪ್ಪಿನ ಒದ್ದೆ ಉಂಗುರವನ್ನು ಹಾದು,
ಬೆನ್ನು ತೋರಿಸಿ, ಸಾಲು ತಪ್ಪದೆ,
ಏಡಿ ಬೊಂಡಾಸು ಅಷ್ಟಪದಿಗಳೆಲ್ಲ
ದೂರ ದೂರ ಹೊರಟುಹೋಗುತ್ತಿದ್ದವು,
ಯಾರೋ ಕೊನೆಗೂ ರಜೆ ಕೊಟ್ಟ ಹಾಗೆ.
ಎದುರಿಗೆ ಸುಗಾವಾರ ಹಲ್ಲು ಕಚ್ಚಿ ಹೊಡೆಯುತ್ತಲೇ ಇದ್ದ.
ಅವನಿಗೆ ಹೇಳಲಿಲ್ಲ.

ಮಂಜಿನಲ್ಲಿ ನಾಲ್ಕು ಕಿಲೋಮೀಟರು ನಡೆದೆವು,
ಉದ್ದಕ್ಕೂ ಮಿತ್ಸುಯೊ ನನ್ನನ್ನು ಬೈಯುತ್ತಾ.
ಕಾಣದ ಹಡಗೊಂದು ಕೂಗಿತು.
ಜೇಬಿನೊಳಗೆ ನನ್ನ ಹೆಬ್ಬೆರಳು
ಇಲ್ಲದ ಗುಂಡಿಯನ್ನು ಒತ್ತಿತು.