ತರ್ಕಶಾಸ್ತ್ರ, ರಾತ್ರಿಪಾಳಿ

ಬೆಂಡಿಗೋದ ವೃದ್ಧಾಶ್ರಮದಲ್ಲಿ
ಹನ್ನೊಂದರಿಂದ ಏಳರವರೆಗೆ ನನ್ನ ಪಾಳಿ.
ಎರಡು ಗಂಟೆಗೊಮ್ಮೆ ಆರು ಜನರ ಮಗ್ಗುಲು ಬದಲಿಸಬೇಕು,
ಹಾಳೆಯಲ್ಲಿ ಸಹಿ ಹಾಕಬೇಕು.
ನಡುವೆ ಉಳಿಯುವ ಹೊತ್ತು ನನ್ನದು,
ಯಾರೂ ಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಇಲ್ಲ.

ಟ್ರಾಲಿಯ ಕೆಳಹಂತದಲ್ಲಿ
ಮಡಿಚಿಟ್ಟ ಟವೆಲುಗಳ ಅಡಿಗೆ
ತರ್ಕಶಾಸ್ತ್ರ, ಒಂದನೇ ಭಾಗ.
ಹಿಂದಿನ ಸೆಮಿಸ್ಟರಿನಲ್ಲಿ ಇದೇ ಜಾಗದಲ್ಲಿ
ಮಧ್ಯಯುಗದ ಮಠಗಳಿದ್ದವು,
ಅದಕ್ಕೂ ಮುಂಚೆ ಕಲ್ಲು, ಪದರ, ಆರಿದ ಲಾವಾ.
ಬಿ.ಎ. ಅಂದರೆ ಇಲ್ಲಿ
ಕಿರಾಣಿ ಅಂಗಡಿಯ ಚೀಟಿ:
ಒಂದಕ್ಕೊಂದು ಸಂಬಂಧವಿಲ್ಲ,
ಅಡುಗೆ ಏನಂತ ಮನೆಗೆ ಬಂದ ಮೇಲೆ.

ಒಟ್ಟು ಇಪ್ಪತ್ತನಾಲ್ಕು ವಿಷಯ. ನನಗೆ ಸೆಮಿಸ್ಟರಿಗೆ ಒಂದೇ ಸಾಧ್ಯ.
ಲೆಕ್ಕ ಹಾಕಿದ್ದು ಗದಗದ ಅಕ್ಕ, ಫೋನಿನಲ್ಲಿ:
"ಹನ್ನೆರಡು ವರ್ಷ! ಅಷ್ಟೊತ್ತಿಗೆ ನಿನಗ ಐವತ್ತೇಳು.
ಏನ್ ಸಿಗತೈತಿ ಅದರಾಗ?
ನರ್ಸಿಂಗ್ ಮಾಡಿದ್ರ ಪಗಾರರ ಏರತಿತ್ತು."
"ಇವತ್ತ 'ಅಥವಾ' ಅಂದ್ರ ಏನಂತ ಓದಿದೆ," ಅಂದೆ.
"ಏನಂತ?"
"ಎರಡರಾಗ ಒಂದು. ಇಲ್ಲಾ ಎರಡೂ."
ಆಕೆ ಸುಮ್ಮನಾದಳು.
ಆಮೇಲೆ, "ಎರಡೂ ಆಗತೈತೇನ?" ಅಂದಳು,
ಬೇರೆ ಏನನ್ನೋ ಕೇಳುವವಳ ಹಾಗೆ.

ಹದಿನಾಲ್ಕನೇ ಕೋಣೆಯ ಹೆಗಾರ್ಟಿಗೆ ನಿದ್ದೆ ಹತ್ತದು.
ಟ್ರಾಮ್ ಓಡಿಸುತ್ತಿದ್ದವನು, ಈಗಲೂ ಬಲಗೈ
ಹೊದಿಕೆಯ ಮೇಲೆ ಬ್ರೇಕು ತಿರುವುತ್ತಿರುತ್ತದೆ.
"ಗಟ್ಟಿಯಾಗಿ ಓದು," ಅಂದ,
"ಕದ್ದು ತಿನ್ನುವುದಕ್ಕೆ ಅದು ಪುಸ್ತಕವೋ ಬಿಸ್ಕತ್ತೋ?"
ಓದಿದೆ:
ಎಲ್ಲ ಮನುಷ್ಯರೂ ಸಾಯುವವರು.
ನಾಲಿಗೆ ಕಚ್ಚಿಕೊಂಡೆ.
ಎದುರಿನ ಕೋಣೆ ಮೊನ್ನೆಯಿಂದ ಖಾಲಿ,
ಗಾಳಿಯಾಡಲೆಂದು ಕಿಟಕಿ ತೆರೆದಿಟ್ಟಿದ್ದಾರೆ.
ಅವನು ನಕ್ಕ. ಮುಂದೆ?
ಮುಂದೆ ಅದೇ ಗ್ರೀಕ, ಎಲ್ಲ ಪುಸ್ತಕಗಳಲ್ಲೂ ಬರುವವನು.
"ಪಾಪ, ಅವನನ್ನೇ ಎಷ್ಟು ಸಲ ಸಾಯಿಸುತ್ತೀರಿ?
ನನ್ನ ಹೆಸರು ಹಾಕು."

ಹಾಕಿದೆ, ಪೆನ್ಸಿಲಿನಲ್ಲಿ.
ಹೆಗಾರ್ಟಿ ಒಬ್ಬ ಮನುಷ್ಯ.
"ತಡಿ ತಡಿ. ಮೊದಲನೆಯದನ್ನು
ನಾನೇ ಮಾಡಿ ತೋರಿಸುತ್ತೇನೆ, ಆತುರವಿಲ್ಲ.
ಈ ಎರಡನೆಯದು ನನ್ನ ಚಾರ್ಟಿನಲ್ಲಿ ಎಲ್ಲಿದೆ?"
ಚಾರ್ಟು ತೆಗೆದು ನೋಡಿದೆ.
ಗಟ್ಟಿ ಮಾಡಿದ ದ್ರವಾಹಾರ.
ಬೀಳುವ ಅಪಾಯ.
ಎಡಗಿವಿ ಕೇಳದು.
ಹಾಳೆ ಮಗುಚಿದೆ. ಹಿಂದೆ ಖಾಲಿ.

ಅದನ್ನೇ ಪ್ರಬಂಧ ಮಾಡಿದೆ:
ಎರಡನೇ ಆಧಾರವಾಕ್ಯಕ್ಕೆ ಪುರಾವೆ ಕೊಡಬೇಕಾದವರು ಯಾರು,
ಒಂದೂವರೆ ಸಾವಿರ ಪದ.
ಮಂಗಳವಾರದ ತರಗತಿಯಲ್ಲಿ ಎಲ್ಲರಿಗೂ ಹತ್ತೊಂಬತ್ತು,
ನನ್ನ ಕೈಗೆ ಆಸ್ಪತ್ರೆ ಸೋಪಿನ ವಾಸನೆ.
ಮೊರಾಗ್ ಮೇಡಂ ಅರವತ್ತನಾಲ್ಕು ಕೊಟ್ಟರು.
ಅಂಚಿನಲ್ಲಿ ಹಸಿರು ಶಾಯಿ:
ಪ್ರಶ್ನೆ ಚೆನ್ನಾಗಿದೆ, ಆದರೆ ತರ್ಕಶಾಸ್ತ್ರದ್ದಲ್ಲ.
ಮತ್ತೆ ಯಾವುದರದ್ದು?
ಇನ್ನೂ ಇಪ್ಪತ್ತೊಂದು ವಿಷಯ ಉಳಿದಿವೆ,
ಯಾವುದರಲ್ಲಾದರೂ ಇದ್ದೀತು.

ಅರವತ್ತನಾಲ್ಕು ಅಂದದ್ದಕ್ಕೆ ಹೆಗಾರ್ಟಿ
ಎರಡು ದಿನ ಮಾತಾಡಲಿಲ್ಲ,
ಅಂಕ ಅವನಿಗೇ ಬಂದಿತ್ತೇನೋ ಎನ್ನುವಂತೆ.

ಪುಸ್ತಕ ಗ್ರಂಥಾಲಯದ್ದು.
ಪೆನ್ಸಿಲ್ ಗುರುತು ಅಳಿಸಿ ಹಿಂತಿರುಗಿಸಿ
ಎಂದು ಒಳಪುಟದಲ್ಲೇ ಅಚ್ಚಾಗಿದೆ.
ಮೂರು ಸಲ ಗಡುವು ಮುಂದೂಡಿಸಿದ್ದೇನೆ.

"ಮುಂದಿನ ಸಲ ಏನು?" ಅಂತ ಕೇಳಿದ ನಿನ್ನೆ,
ಗೋಡೆಯ ಕಡೆಯಿಂದ ಕಿಟಕಿಯ ಕಡೆಗೆ ಹೊರಳಿಸುವಾಗ.
ನಕ್ಷತ್ರಗಳು, ಅಥವಾ ಚಿತ್ರಕಲೆಯ ಚರಿತ್ರೆ.
"ನಕ್ಷತ್ರ ತಗೋ. ಇಲ್ಲಿಂದಲೇ ಕಾಣುತ್ತವೆ."
ನೋಡಿದೆ. ಕಂಡದ್ದು ಪಾರ್ಕಿಂಗಿನ ದೀಪ,
ಮಂಜು ಹಿಡಿದ ನನ್ನ ಕಾರು,
ಗಾಜಿನ ಮೇಲೆ ನಮ್ಮಿಬ್ಬರ ತಲೆ.
ಹಾಳೆಯಲ್ಲಿ ಬರೆದೆ:
ಮೂರು ಗಂಟೆ. ಬಲ ಮಗ್ಗುಲು. ಎಚ್ಚರವಿದ್ದಾರೆ.
ಸಹಿ.