ಬಾಳಿಗ ಮಾಮನ ಮೂಗು

ಶನಿವಾರ ಲೋಕನಾಥ ಪುತ್ರನ್ ಮುಟ್ಟುವುದಿಲ್ಲ, ಹರಕೆ.
ಸೋಮವಾರ ಬಾಳಿಗ ಮಾಮನಿಗೆ ಒಪ್ಪೊತ್ತು.
ಈಸ್ಟರಿಗೆ ಮುಂಚಿನ ನಲವತ್ತು ದಿನ ಹಿಲರಿ ಲಸ್ರಾದೊ
ನಿಂಬೆ ಶರಬತ್ತು ಕುಡಿಯುತ್ತ ನಮ್ಮನ್ನು ಕನಿಕರದಿಂದ ನೋಡುತ್ತಾನೆ.
ಕಳೆದು ಉಳಿದ ಶುಕ್ರವಾರಗಳು ನಮ್ಮವು:
ಬೋಳಾರದಲ್ಲಿ ಹಿಲರಿಯ ತಾರಸಿ, ಕೆಳಗೆ ಹೊಳೆ,
ನಿಂತುಹೋದ ಹಂಚಿನ ಕಾರ್ಖಾನೆಯ ಹೊಗೆಕೊಳವೆ,
ನಾಲ್ಕು ಗ್ಲಾಸು, ಒಂದು ಚೊಂಬು ನೀರು,
ಬ್ಯಾಂಕಿನಿಂದ ನೇರ ಬಂದ ನಾನು,
ಸೆರಗಿನಲ್ಲಿ ಇನ್ನೂ ಸ್ಟಾಂಪ್ ಪ್ಯಾಡಿನ ಶಾಯಿ.

ಹೆಂಗಸೂ ಕುಡಿಯುತ್ತಾಳೆ ಅಂತ ಎದುರುಮನೆ ಬಾಲ್ಕನಿ
ಮೊದಲ ವರುಷ ಲೆಕ್ಕ ಇಟ್ಟಿತು. ಆಮೇಲೆ
ಒಂದು ಗ್ಲಾಸಿಗೆ ನಾವು ಎರಡು ಗಂಟೆ ತೆಗೆದುಕೊಳ್ಳುವುದು ನೋಡಿ
ಬೇಸತ್ತು ಒಳಗೆ ಹೋಯಿತು.

ಇವತ್ತು ಬರ್ಬನ್. ಹಡಗು ಬಿಟ್ಟ ವರುಷ ಪುತ್ರನ್
ಬಾಲ್ಟಿಮೋರಿನಿಂದ ಬನಿಯನಿನಲ್ಲಿ ಸುತ್ತಿ ತಂದದ್ದು.
ಮುಸುಕಿನ ಜೋಳದ ಸಾರ, ಹೊಸ ಓಕ್ ಪೀಪಾಯಿ,
ಒಳಗೋಡೆಗೆ ಬೆಂಕಿ ಕೊಟ್ಟು ಕರಿ ಮಾಡಿದ್ದು;
ಹನ್ನೆರಡು ವರುಷ ಆ ಕರಿಯಲ್ಲಿ ಕೂತು ಕೂತು
ಬಣ್ಣ ಕಲಿತದ್ದು.
ಇದಕ್ಕೆ ಬಾಯಿ ಅರ್ಜೆಂಟು ಮಾಡಬಾರದು.

ಬಾಳಿಗ ಮಾಮನಿಗೆ ಬಂದರಿನಲ್ಲಿ ಮಂಡಿ ಇತ್ತು,
ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ.
ಗೋಣಿಗೆ ಮೂಗು ತಾಗಿಸಿ ಹೇಳುತ್ತಿದ್ದರು:
"ಇದು ಮಳೆ ನೋಡಿದ ಮೆಣಸು.
ಇದನ್ನು ಬೆಕ್ಕು ಇದ್ದ ಮನೆಯಲ್ಲಿ ಒಣಗಿಸಿದ್ದಾರೆ."
ಎರಡು ವರುಷದ ಹಿಂದೆ ಒಂದು ಜ್ವರ ಬಂತು,
ಹೋಗುವಾಗ ವಾಸನೆಯನ್ನೆಲ್ಲ ಕಟ್ಟಿಕೊಂಡು ಹೋಯಿತು.
ಬೋರ್ಡು ಇದೆ, ಅಂಗಡಿ ಮುಚ್ಚಿದೆ,
ಮೂಗು ಮುಟ್ಟಿಕೊಂಡು ಅವರೇ ಮಾಡುವ ಜೋಕು.
ಪ್ರತಿಸಲ ನಗುತ್ತೇವೆ, ಪ್ರತಿಸಲ ಸ್ವಲ್ಪ ತಡವಾಗಿ.

ಆದರೂ ಬರುತ್ತಾರೆ. ಅವರಿಗೂ ಅಷ್ಟೇ ಸುರಿಯುತ್ತೇವೆ.
ನಾಲಗೆಗೆ ಸಿಹಿ ಗೊತ್ತಾಗುತ್ತದೆ, ಅಂಚಿಗೆ ಒಗರು,
ಎದೆಗೆ ಇಳಿಯುವ ಬಿಸಿ. ಉಳಿದದ್ದು ನಾವು ಹೇಳಬೇಕು.
"ಹೇಳಿ" ಅನ್ನುತ್ತಾರೆ, ಕಣ್ಣು ಮುಚ್ಚಿ,
ಯುಗಾದಿ ದಿನ ಪಂಚಾಂಗ ಕೇಳುವವರ ಹಾಗೆ.

ಹಿಲರಿ ಗಂಟಲು ಸರಿಮಾಡಿಕೊಂಡ.
"ವೆನಿಲಾ. ಕ್ಯಾರಮೆಲ್. ಆಮೇಲೆ ಚರ್ಮ, ತಂಬಾಕು..."
"ಲೇಬಲ್ ಓದಬೇಡ ಮಾರಾಯ." ಮಾಮ ಕಣ್ಣು ತೆರೆಯಲಿಲ್ಲ.
"ಮೂಗು ಇರುವವ ನೀನು. ಅದರಿಂದ ಹೇಳು."

ದೂರದಲ್ಲಿ ನೇತ್ರಾವತಿ ಸೇತುವೆಯ ಮೇಲೆ ಗೂಡ್ಸು ರೈಲು,
ಮುಗಿಯುವುದೇ ಇಲ್ಲ.
ಹಿಲರಿ ಗ್ಲಾಸಿನೊಳಗೆ ಬಹಳ ಹೊತ್ತು ಇದ್ದ.
ಹೊರಗೆ ಬಂದಾಗ ದನಿ ಬೇರೆ:
"ಅಪ್ಪನ ಮರಗೆಲಸದ ಶೆಡ್ಡು. ಹಲಸಿನ ಹಲಗೆಗೆ ಕೀಸುಳಿ ಹಾಕಿ
ನೆಲದ ತುಂಬ ಹಳದಿ ಸುರುಳಿ.
ಅಪ್ಪ ನನಗೆ ಹೊಡೆದಿದ್ದಾರೆ. ಹೊಡೆದು ಆಮೇಲೆ
ಓಲೆಬೆಲ್ಲದ ಚೂರು ಕೊಟ್ಟಿದ್ದಾರೆ.
ಚೂರಿಗೆ ಮರದ ಹುಡಿ ಅಂಟಿದೆ."

ಮಾಮ ಆಗ ಒಂದು ಗುಟುಕು ತೆಗೆದುಕೊಂಡರು.
"ಹಾಂ. ಈಗ ಬಂತು."

ಪುತ್ರನ್‌ಗೆ ಸಿಕ್ಕಿದ್ದು ಗೆರಟೆ ಸುಟ್ಟ ಹೊಗೆ,
ಅದರ ಹಿಂದೆ, ದೋಣಿಯ ಹೊಟ್ಟೆಗೆ ಬಳಿಯುವ ಗೇರೆಣ್ಣೆ.
ಬಾಲ್ಟಿಮೋರಿನವರು ಇದನ್ನು ಎಲ್ಲಿಂದ ಕದ್ದರು ಅಂತ
ನಿಜವಾಗಿಯೂ ಸಿಟ್ಟು ಮಾಡಿಕೊಂಡ.

ನಾನು ಮೂರು ಹನಿ ನೀರು ಬಿಟ್ಟೆ. ಎಣ್ಣೆಯಂಥ ಎಳೆಗಳು
ಒಂದನ್ನೊಂದು ಹಿಡಿದು ಬಿಟ್ಟವು. ಅಲ್ಲಿ,
ತೀರ ತುದಿಯಲ್ಲಿ, ನಮ್ಮ ಲಾಕರು ಕೋಣೆ.
ವರುಷಕ್ಕೊಮ್ಮೆ ಬರುವ ನಫೀಸಮ್ಮ.
ಅವರ ಪೆಟ್ಟಿಗೆಯಲ್ಲಿ ಚಿನ್ನ ಇಲ್ಲ, ಅತ್ತರಿನ ಖಾಲಿ ಸೀಸೆ;
ಬಿರಡೆ ತೆಗೆದು, ಮೂಸಿ, ಹಾಕಿ,
ಮುಂದಿನ ವರುಷದ ಬಾಡಿಗೆ ಕಟ್ಟಿ ಹೋಗುತ್ತಾರೆ.
ಇದನ್ನು ನಾನು ಯಾರಿಗೂ ಹೇಳಬಾರದಿತ್ತು.
ಯಾರೂ ಏನೂ ಅನ್ನಲಿಲ್ಲ. ಹುರಿದ ಕಡಲೆಯ ತಟ್ಟೆ
ಕೈಯಿಂದ ಕೈಗೆ ಒಂದು ಸುತ್ತು ಬಂತು.

ಹತ್ತಕ್ಕೆ ಮಾಮ ಎದ್ದರು. ಕುಡಿದ ಗ್ಲಾಸನ್ನು ತೊಳೆಯದೆ
ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು, ಯಾವಾಗಲೂ ಹಾಗೆ.
ಒಣಗಿದ ಗ್ಲಾಸೇ ಮರುದಿನ ಹೆಚ್ಚು ಮಾತಾಡುವುದು,
ಇದು ನಮಗೆಲ್ಲ ಗೊತ್ತು.
ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದ ಸುಗುಣಕ್ಕ,
ಆಯುಷ್ಯದಲ್ಲಿ ಒಂದು ಹನಿ ಮುಟ್ಟದವರು,
ಅದನ್ನು ಮೂಸಿ ಗಂಡನಿಗೆ ಹೇಳುತ್ತಾರಂತೆ.

ಏನು ಹೇಳುತ್ತಾರೆ ಅಂತ ಕೇಳಿದ್ದೇವೆ.
"ಅದು ಮನೆಯ ಮಾತು" ಅಂದು ಮಾಮ
ಚಪ್ಪಲಿ ಹುಡುಕುತ್ತಾರೆ.