ಕಡ್ಡಿ ಹೇಳಿದ್ದು

ಬಿಸಿ ಆರುವ ತನಕ ಮುಚ್ಚಳ ಮುಟ್ಟಬೇಡ ಅಂದೆ.
ಎಲ್ ಆಲ್ತೊದ ಈ ಎತ್ತರದಲ್ಲಿ ನೀರಿಗೆ ತಾಳ್ಮೆ ಕಡಿಮೆ,
ಎಂಬತ್ತಾರಕ್ಕೇ ಕುದಿಯುತ್ತದೆ.
ಮನುಷ್ಯರದೂ ಹೆಚ್ಚೂಕಡಿಮೆ ಅಷ್ಟೇ.

ದೋನ್ ಕ್ಲೆಮೆಂಟೆ ತನ್ನ ಮಿನಿಬಸ್ಸಿಗೆ ಮೂರು ಸುತ್ತು ಬಂದ,
ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.
"ಹೆಡ್ ಗ್ಯಾಸ್ಕೆಟ್ ಹೋಗಿದೆ, ಹಿಲಾರಿಯಾ.
ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನೇ ಅಂದರು."
ಎಲ್ಲರೂ ಅಂದರೆ
ಟೈರಿಗೆ ಗಾಳಿ ತುಂಬುವವನು, ಟಿಕೆಟ್ ಕೂಗುವವನು,
ಬೆಳಿಗ್ಗೆ ಸಾಲ್ತೆನ್ಯಾ ಮಾರುವವಳು.
ನಮ್ಮ ಬೀದಿಯಲ್ಲಿ ಗ್ಯಾಸ್ಕೆಟ್ ಅನ್ನುವುದು ಕಾಯಿಲೆಯ ಹೆಸರಲ್ಲ,
ಸಾವಿನ ಹೆಸರು.

ಬಟ್ಟೆ ಸುತ್ತಿ ತಿರುಗಿಸಿದೆ, ಮೆಲ್ಲಗೆ.
ಒಳಗೆ ಹಸಿರು ನೀರಿರಲಿಲ್ಲ.
ಕೆನೆ. ಬೆರಳಿಗೆ ಹತ್ತಿ,
ಒರೆಸಿದಷ್ಟೂ ಇನ್ನೊಂದು ಬೆರಳಿಗೆ ದಾಟುವ ಕೆನೆ.
ಎಣ್ಣೆ ನೀರು ಕೂಡುವುದಿಲ್ಲ ಅನ್ನುತ್ತಾರೆ.
ಕೂಡುತ್ತವೆ, ಪಂಪು ಪುರೋಹಿತನಾದರೆ.
ಆದರೆ ಆ ಸಂಸಾರದಲ್ಲಿ ಯಾರಿಗೂ ಸುಖವಿಲ್ಲ.

ಆಮೇಲೆ ಕಡ್ಡಿ.
ಎಂಜಿನ್ ಎಣ್ಣೆಯ ಕಡ್ಡಿ ಎಳೆದು ಬಿಸಿಲಿಗೆ ಹಿಡಿದೆ:
ಕಪ್ಪು.
ಆರು ಸಾವಿರ ಕಿಲೋಮೀಟರಿನ ಅಪ್ಪಟ ಕಪ್ಪು,
ಒಂದು ಹನಿ ಹಾಲಿಲ್ಲ,
ಮಟ್ಟ ಗೆರೆ ಬಿಟ್ಟು ಕೂದಲೆಳೆಯಷ್ಟೂ ಇಳಿದಿಲ್ಲ.
ಕಳ್ಳತನವಾಗಿದೆ, ಸರಿ.
ಕಳೆದುಕೊಂಡವರೇ ಇಲ್ಲವಲ್ಲ?

ಮಟ್ಟ ಇಳಿಸಿ, ನೀಲಿ ದ್ರವದ ಗಾಜನ್ನು ಬಾಯಿಗಿಟ್ಟು ಎಂಜಿನ್ ಓಡಿಸಿದೆ.
ಉರಿದ ಗಾಳಿ ನುಸುಳಿದ್ದರೆ ಹಳದಿಯಾಗಬೇಕಿತ್ತು.
ತಲೆಯ ಮೇಲೆ ಕೇಬಲ್ ಕಾರಿನ ತೊಟ್ಟಿಲುಗಳು ಹೋದವು, ಹನ್ನೊಂದು ಎಣಿಸಿದೆ.
ನೀಲಿ ನೀಲಿಯಾಗಿಯೇ ಕೂತಿತ್ತು.
ನಾಲ್ಕು ಪ್ಲಗ್ಗು ಬಿಚ್ಚಿ ಒತ್ತಡ ಅಳೆದೆ:
ನಾಲ್ಕು ಸಿಲಿಂಡರೂ ಈ ಊರಿನ ಗಾಳಿಯಷ್ಟೇ ಬಡವು,
ಆದರೆ ಒಂದಕ್ಕಿಂತ ಇನ್ನೊಂದು ಬಡವಲ್ಲ.
ಗೇರು ಕೈಯದು. ಎಣ್ಣೆ ತಣಿಸುವ ಕೂಲರು ಈ ಗಾಡಿಗಿಲ್ಲ.
ಬರುವ ದಾರಿ ಒಂದೊಂದೇ ಮುಚ್ಚುತ್ತಾ ಹೋದೆ.
ಉಳಿದದ್ದು ಮೇಲಿನ ಬಾಯಿ.

ಕೆನೆಯನ್ನು ಬಿಳಿ ಕಾಗದಕ್ಕೆ ಸವರಿ ಕಾದೆ.
ಅಂಚಿನಲ್ಲಿ ಎಣ್ಣೆ ಬಿಡಿಸಿಕೊಂಡು ಹರಡಿತು,
ಜೇನಿನ ಬಣ್ಣ.
ಬೆಂಕಿ ಕಂಡ ಎಣ್ಣೆಯಲ್ಲ ಇದು,
ಎಂಜಿನ್ನಿನ ಹೊಸಿಲನ್ನೂ ತುಳಿಯದ ಹೊಸ ಎಣ್ಣೆ.
ಸೋರಿದ್ದಲ್ಲ.
ಸುರಿದದ್ದು.

ಕಂಪ್ರೆಸರಿನ ಹತ್ತಿರ ಅಣ್ಣನ ಮಗ ವಿಲ್ಮರ್, ಹದಿನಾರರವನು,
ಕೈಗಳನ್ನು ತೋಳಿನೊಳಗೆ ಎಳೆದುಕೊಂಡು
ತನ್ನ ಶೂಗಳನ್ನು ಓದುತ್ತಿದ್ದ.
ಓದಲು ಅಷ್ಟೇನಿರಲಿಲ್ಲ ಅವುಗಳಲ್ಲಿ.

ನನಗೂ ಹದಿನಾರಿತ್ತು.
ಬ್ರೇಕಿನ ಡಬ್ಬಿಗೆ ನಾನು ಏನು ಹಾಕಿದ್ದೆ ಅನ್ನುವುದನ್ನು
ನನ್ನ ಗುರು ತನ್ನ ಜೊತೆ ಮಣ್ಣಿಗೆ ಒಯ್ದ.

"ಗ್ಯಾಸ್ಕೆಟ್ಟೇ ತಾನೆ?"
"ಅಲ್ಲ."
"ಮತ್ತೆ?"
"ನೊರೆ ಕಮ್ಮಿ ಬರುವ ಸೋಪಿನ ಪುಡಿ ತಾ, ಎರಡು ಕಿಲೊ.
ದೊಡ್ಡ ಹಂಡೆ ಸಿಕ್ಕರೆ ಅದೂ."
ದೋನ್ ಕ್ಲೆಮೆಂಟೆ ನನ್ನನ್ನು ನೋಡಿದ, ಹುಡುಗನನ್ನು ನೋಡಿದ,
ಕೇಳಬೇಕಾದ್ದನ್ನು ನುಂಗಿ
ಅಂಗಡಿಯ ಕಡೆ ನಡೆದ, ಈ ಸಲ ಟೋಪಿ ಹಾಕಿಕೊಂಡೇ.

ಎಣ್ಣೆ ಸೀಗೆಕಾಯಿಯ ಹಳೆಯ ಜಗಳ,
ಇವತ್ತು ಅದೇ ನಮಗೆ ಬೇಕಾದದ್ದು.
ಬಿಸಿನೀರು ಹಾಕು, ಓಡಿಸು, ಬಿಡು.
ಮೊದಲ ನೀರು ಪಾಯಸದ ಹಾಗೆ ಬಿತ್ತು.
ಮೂರನೆಯದು ಗಂಜಿ.
ಮೇಲಿನ ಪೈಪು ಹಿಸುಕಿದರೆ ಮೆತ್ತಗೆ, ಊದಿದೆ;
ರಬ್ಬರು ಎಣ್ಣೆಯನ್ನು ಕ್ಷಮಿಸುವುದಿಲ್ಲ,
ಎರಡು ಹೊಸದು ಬರೆದುಕೊಂಡೆ ಚೀಟಿಯಲ್ಲಿ.

ಐದನೆಯ ನೀರಿಗೆ ವಿಲ್ಮರನ ತೋಳು ಮೊಣಕೈವರೆಗೆ ನೆನೆದಿತ್ತು.
"ಕತ್ತಲಿತ್ತು," ಅಂದ, ಚರಂಡಿಗೆ.
"ಎರಡು ಮುಚ್ಚಳವೂ ಕಪ್ಪು."

ಹಿಡಿ, ಅಂದೆ, ಪೈಪು ನೆಟ್ಟಗೆ ಹಿಡಿ,
ಇನ್ನೂ ಎರಡು ನೀರು ಹೋಗಬೇಕು.